ಕಯಾಕಿನ ನಡುವಿನ ಸೀಟು

ನಾನು ಗೌಂಡಿ. ತೂತು ಕಂಡರೆ ಮುಚ್ಚಬೇಕು ಅನ್ನುವ ಕೈ ನನ್ನದು. ಹಾಕಿದ ಸ್ಲ್ಯಾಬಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅವತ್ತು ನನಗೆ ಊಟ ಸೇರುವುದಿಲ್ಲ. ಅಂಥವನ ಮುಂದೆ ನನ್ನ ಗೆಳೆಯ ತಳದಲ್ಲಿ ಆರು ತೂತುಗಳಿದ್ದ ಪ್ಲಾಸ್ಟಿಕ್ ದೋಣಿಯೊಂದನ್ನು ತೋರಿಸಿ "ಇದನ್ನ ತಗೊಳ್ಳೂಣು" ಅಂದಾಗ, ಬಿಸಿಲಿಗೆ ಇವನ ತಲೆ ಕೆಟ್ಟಿದೆ ಅಂದುಕೊಂಡೆ.

ನಾವಿಬ್ಬರೂ ವಿಜಯಪುರ ಕಡೆಯ ಒಂದೇ ಊರಿನವರು. ಒಂದೇ ಬಸ್ಸಿನಲ್ಲಿ ಗೋವಾಕ್ಕೆ ಬಂದು, ಫಾತೋರ್ಡಾದ ಒಂದೇ ಸೈಟಿನಲ್ಲಿ ಕಾಂಕ್ರೀಟ್ ಬುಟ್ಟಿ ಹೊತ್ತವರು. ಆಮೇಲೆ ನಾನು ಕರಣಿ ಹಿಡಿದು ಗೌಂಡಿಯಾದೆ. ಅವನಿಗೆ ಸಿಮೆಂಟು ಆಗಿಬರಲಿಲ್ಲ. ಬಾಣಾವಲಿಯ ದಂಡೆಯಲ್ಲಿ ಪ್ರವಾಸಿಗರನ್ನು ನೀರಿನಲ್ಲಿ ಆಡಿಸುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ ಈಜು ಕಲಿತ, ಹುಟ್ಟು ಹಾಕುವುದು ಕಲಿತ, ಮೀನಿನ ಹುಚ್ಚೂ ಹಿಡಿಸಿಕೊಂಡ. ನನ್ನ ಹೆಂಡತಿಯೂ ಅದೇ ದಂಡೆಯಲ್ಲಿ ಕನ್ನಡಿ ಕಸೂತಿಯ ಚೀಲ, ಮಣಿಸರ ಮಾರುತ್ತಾಳೆ. ಇಷ್ಟು ವರ್ಷ ಸಮುದ್ರದ ಪಕ್ಕ ಬದುಕಿಯೂ ಮೊಣಕಾಲಿನ ಮೇಲೆ ಉಪ್ಪುನೀರು ತಾಗಿಸಿಕೊಳ್ಳದವನು ನಮ್ಮ ಮೂವರಲ್ಲಿ ನಾನೊಬ್ಬನೇ.

ನನಗೆ ಮೀನಿಗಿಂತ ಬೇರೆಯದೇ ಒಂದು ಆಸೆ ಇತ್ತು. ಆ ದಂಡೆಯ ಹಿಂದೆ, ತೆಂಗಿನ ಸಾಲಿನಾಚೆ, ನಾನು ಎರಡು ವರ್ಷ ದುಡಿದ ಒಂದು ಬಿಳಿ ಮನೆಯಿದೆ. ಅದರ ಮಹಡಿಯ ಬಾಲ್ಕನಿ ಅರ್ಧಚಂದ್ರದ ಹಾಗೆ ಬಾಗಿದೆ. ಆ ಬಾಗಿಗೆ ಪ್ಲಾಸ್ಟರ್ ಮಾಡಲು ಬೇರೆ ಯಾರ ಕೈಯನ್ನೂ ನಾನು ಬಿಟ್ಟುಕೊಂಡಿರಲಿಲ್ಲ. ಕೈಯಾಡಿಸಿದರೆ ಎಲ್ಲೂ ಉಬ್ಬು ತಗ್ಗು ಸಿಗದು. ಮನೆ ಮುಗಿದ ಮೇಲೆ ರಸ್ತೆಯಿಂದ ಏನೂ ಕಾಣಬಾರದು ಎಂದು ಎತ್ತರದ ಕಾಂಪೌಂಡ್ ಕಟ್ಟಿಸಿದರು, ಅದನ್ನೂ ನಾನೇ ಕಟ್ಟಿದೆ. ಈಗ ರಸ್ತೆಯಲ್ಲಿ ನಿಂತರೆ ನನ್ನದೇ ಗೋಡೆ ಅಡ್ಡ, ದಂಡೆಯಲ್ಲಿ ನಿಂತರೆ ತೆಂಗಿನ ಗರಿ ಅಡ್ಡ. ಬಾಲ್ಕನಿಯಿಂದ ಇಡೀ ಸಮುದ್ರ ಕಾಣುತ್ತದೆ ಎಂದು ಮನೆಯ ಯಜಮಾನರು ಹೇಳಿದ್ದು ನನ್ನ ತಲೆಯಲ್ಲಿ ಕೂತಿತ್ತು. ಹಾಗಾದರೆ ಸಮುದ್ರದಿಂದ ಬಾಲ್ಕನಿಯೂ ಕಾಣಲೇಬೇಕಲ್ಲ. ಒಂದೇ ಒಂದು ಸಲ ನೀರಿನ ಮೇಲೆ ಕೂತು ಅದನ್ನು ನೋಡಬೇಕು ಎಂದು ಗೆಳೆಯನಿಗೆ ಎಷ್ಟು ಸಲ ಹೇಳಿದ್ದೆನೋ.

"ನೋಡೂಣಲೇ. ನಾ ಹಿಂದ ಕುಂತು ಹುಟ್ಟ ಹಾಕ್ತೇನಿ, ನೀ ಮುಂದ ಕುಂತು ನಿನ್ನ ಬಾಲ್ಕನಿ ನೋಡು," ಅನ್ನುತ್ತಿದ್ದ ಅವನು.

ಮೇ ತಿಂಗಳ ಕೊನೆಗೆ ದಂಡೆಯ ಅಂಗಡಿಗಳು ಮುಚ್ಚುವಾಗ ಹುಟ್ಟು ಹಾಕಿ ನಡೆಸುವ ಪ್ಲಾಸ್ಟಿಕ್ ದೋಣಿಗಳು, ಹಳೆಯ ಕಯಾಕ್‌ಗಳು, ಮಾರಾಟಕ್ಕೆ ಬರುತ್ತವೆ. ಒಂದು ಗುಡಿಸಲಿನ ನೆರಳಲ್ಲಿ ಮೂರು ಸಾಲಾಗಿ ಬಿದ್ದಿದ್ದವು. ಮೂರು ದೋಣಿಗಳೂ, ಕಾಲು ಒಳಗೆ ತೂರಿಸದೆ ಮೇಲೆಯೇ ಕೂರುವಂಥವು. ಒಳಗೆ ಪೊಳ್ಳು, ಸುತ್ತಲೂ ಮುಚ್ಚಿದ ಮೈ. ಮಗುಚಿದರೂ ಮುಳುಗುವುದಿಲ್ಲ, ತಿರುಗಿಸಿ ಮತ್ತೆ ಹತ್ತಬಹುದು ಎಂದು ಗೆಳೆಯ ವಿವರಿಸಿದ. ನನ್ನ ಕಣ್ಣು ಬಿದ್ದದ್ದು ಗಿಡ್ಡನೆಯ ಹಳದಿಯದರ ಮೇಲೆ. ಹಗುರ, ಒಬ್ಬನೇ ಎತ್ತಬಹುದು.

"ಅದು ನೀರಾಗ ಬುಗುರಿ ತಿರುಗಿದಂಗ ತಿರುಗ್ತೈತಿ. ಉದ್ದ ಇದ್ದದ್ದು ನೆಟ್ಟಗ ಹೋಗ್ತೈತಿ, ಅಗಲ ಇದ್ದದ್ದು ಅಲುಗಂಗಿಲ್ಲ," ಎಂದ.

ಎರಡನೆಯದು ನೀಲಿ, ಉದ್ದವಿತ್ತು, ಆದರೆ ಅಗಲ ಸಾಲದು. ನಿಂತು ಗಾಳ ಎಳೆಯುವಾಗ ಕೈಕೊಡುತ್ತದೆಯಂತೆ. ಉಳಿದದ್ದು ಬೂದು ಬಣ್ಣದ ಉದ್ದ, ಅಗಲ, ಭಾರದ ದೋಣಿ. ಅದರಲ್ಲಿ ಕೂರಲು ಮೂರು ಕುಳಿಗಳಿದ್ದವು: ಮುಂದೊಂದು, ಹಿಂದೊಂದು, ನಡುವೆ ಸಣ್ಣದೊಂದು. ನಡುವಿನದು ಯಾಕೆ ಎಂದು ಕೇಳಿದೆ. ಮೀನಿನ ಡಬ್ಬಿ ಇಡಲು ಎಂದ. ನಂಬಿದೆ. ನೀರಿನ ಮಾತಿನಲ್ಲಿ ಅವನು ಹೇಳಿದ್ದೇ ನನಗೆ ವೇದವಾಗಿತ್ತು.

ಆದರೆ ಸೋರುತ್ತದೆಯೋ ಇಲ್ಲವೋ ನೋಡುವುದು ನನ್ನ ಕಸುಬು. ಹೊಸ ಟೆರೇಸಿಗೆ ನಾವು ನೀರು ಕಟ್ಟಿ ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲಿನ ಗೆರೆ ಎಳೆದು, ಗೆರೆ ಬಿಟ್ಟು ಇಳಿಯಿತೇ ಎಂದು ನೋಡುತ್ತೇವೆ. ದೋಣಿಗೂ ಅದನ್ನೇ ಮಾಡಿದೆ. ಎರಡು ತೆಂಗಿನ ಕೊರಡಿನ ಮೇಲೆ ಎತ್ತಿಟ್ಟು, ಮುಂದಿನ ಮುಚ್ಚಳ ತೆಗೆದು ಪೊಳ್ಳಿನೊಳಗೆ ಬಾವಿನೀರು ಸುರಿದು, ಕೆಳಗೆ ಮಲಗಿ ಒಂದೊಂದು ಇಂಚೂ ಬೆರಳಾಡಿಸಿದೆ. ಮಾರುವವನು ಕೊಂಕಣಿಯಲ್ಲಿ ಏನೋ ಹೇಳಿ ನಕ್ಕ. ಎಲ್ಲೂ ಒಂದು ಹನಿ ಇಣುಕಲಿಲ್ಲ. ಇಬ್ಬರೂ ಸಮನಾಗಿ ದುಡ್ಡು ಹಾಕಿ ಕೊಂಡುಕೊಂಡೆವು. ಟೆಂಪೊದಲ್ಲಿ ಹಾಕಿ ಫಾತೋರ್ಡಾಕ್ಕೆ ತಂದು ನಾನು ಕೆಲಸ ಮಾಡುತ್ತಿದ್ದ ಕಟ್ಟಡದ ಪಾರ್ಕಿಂಗಿನಲ್ಲಿ ಇಳಿಸಿದೆವು. ಮಳೆಗಾಲ ಮುಗಿಯುವವರೆಗೆ ಅದರ ಜಾಗ ಅದೇ.

ಮರುದಿನ ಸಂಜೆ ಅವನು ಬರುವುದರೊಳಗೆ ನಾನು ಆ ಆರು ತೂತುಗಳನ್ನು ಮುಚ್ಚಿಬಿಟ್ಟಿದ್ದೆ. ಬಚ್ಚಲುಮನೆಯ ಪೈಪಿನ ಸುತ್ತ ತುಂಬುವ ಎಪಾಕ್ಸಿ ಕಲಸಿ, ಮೇಲಿಂದಲೂ ಕೆಳಗಿಂದಲೂ ತುಂಬಿ, ಮರಳು ಕಾಗದ ಉಜ್ಜಿ ನುಣುಪು ಮಾಡಿದ್ದೆ. ಅವನಿಗೆ ತೋರಿಸಿ ಎದೆಯುಬ್ಬಿಸಿ ನಿಂತೆ. ಅವನು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

"ಲೇ ಗೌಂಡಿ, ಸಮುದ್ರದ ಅಲಿ ಮ್ಯಾಲ ಬಿದ್ರ ನೀರು ಎಲ್ಲಿಂದ ಇಳೀಬೇಕಲೇ? ನೀ ಕಟ್ಟೋ ಬಚ್ಚಲಕ್ಕ ತೂತು ಇಡಂಗಿಲ್ಲೇನು?"

ಒಪ್ಪಿದೆ. ಮೇಲೆ ಬಿದ್ದ ನೀರು ಹರಿದುಹೋಗಲೆಂದೇ ಆ ತೂತುಗಳು, ಪೊಳ್ಳಿಗೂ ಅವಕ್ಕೂ ಸಂಬಂಧವಿಲ್ಲ. ಗಟ್ಟಿಯಾದ ಎಪಾಕ್ಸಿಯನ್ನು ಮೈಗೆ ಗೀರು ಬೀಳದ ಹಾಗೆ ಚೂರುಚೂರಾಗಿ ಕೆತ್ತಿ ತೆಗೆಯಲು ಎರಡು ಭಾನುವಾರ ಹಿಡಿಯಿತು. ಅವನು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತ ಕಾಲೆಳೆದ. ನನ್ನ ಜೀವನದ ಒಳ್ಳೆಯ ದಿನಗಳಲ್ಲಿ ಅವೂ ಸೇರಿದ್ದವು. ಈಗ ಹಾಗೆ ಬರೆಯಲು ಕೈ ಹಿಂಜರಿಯುತ್ತದೆ.

ಆ ಮಳೆಗಾಲವಿಡೀ ದೋಣಿಯನ್ನು ಸಿಂಗರಿಸಿದೆ. ಗಾಳದ ಕೋಲು ನಿಲ್ಲಿಸಲು ಪಿವಿಸಿ ಪೈಪಿನ ತುಂಡು ಕತ್ತರಿಸಿ, ಬಾಯಿ ಕಾಯಿಸಿ ಅಗಲ ಮಾಡಿ, ರಬ್ಬರ್ ವಾಷರ್ ಕೊಟ್ಟು ಬೋಲ್ಟ್ ಬಿಗಿದೆ. ಸಿಮೆಂಟಿನಲ್ಲಿ ನಾಲ್ಕು ಸರಳು ಬಾಗಿಸಿ ಹುಗಿದು ಲಂಗರು ಎರಕ ಹೊಯ್ದೆ. ಇದು ದೋಣಿಗಲ್ಲ, ಹಡಗಿಗೆ ಎಂದು ಅವನು ನಕ್ಕ. ಅರ್ಧ ತೂಕದಲ್ಲಿ ಇನ್ನೊಂದು ಹೊಯ್ದೆ. ಹುಟ್ಟು ಕೈಜಾರಿದರೆ ತೇಲಿಹೋಗದಂತೆ ಹಗ್ಗ ಕಟ್ಟಿದೆ. ಸೋಡಾ ಬಾಟಲಿಯ ಕ್ರೇಟು ಹೊಂದಿಸಿ ಅದರೊಳಗೆ ಥರ್ಮಾಕೋಲ್ ಪೆಟ್ಟಿಗೆ ಕೂರಿಸಿದೆ. ಎರಡು ಲೈಫ್ ಜಾಕೆಟ್ ತಂದೆವು. ನನ್ನದನ್ನು ಪಾರ್ಕಿಂಗಿನಲ್ಲೇ ಒಮ್ಮೆ ತೊಟ್ಟು, ಪಟ್ಟಿ ಬಿಗಿದು, ಮುಂದಿನ ಕುಳಿಯಲ್ಲಿ ಕೂತು ಗಾಳಿಯಲ್ಲಿ ಹುಟ್ಟು ಹಾಕಿ ನೋಡಿ, ಮತ್ತೆ ಪಾಲಿಥೀನಿಗೆ ಸೇರಿಸಿದೆ. ವಾಚ್‌ಮನ್ ನೋಡುತ್ತಿದ್ದ. ನಾಚಿಕೆಯಾಗಲಿಲ್ಲ.

ಗಾಳಕ್ಕೆ ದಪ್ಪ ನೈಲಾನ್ ಕಟ್ಟುವ ಕೆಲಸವೂ ನನಗೇ ಬಂತು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುವ ತೂಗುಗುಂಡಿಗೆ ದಾರ ಕಟ್ಟುವ ಒಂದು ಗಂಟಿದೆ. ನನ್ನ ಮೊದಲ ಉಸ್ತಾದ ಹೊಡೆದು ಕಲಿಸಿದ ಗಂಟು. ಎರಡು ಸುತ್ತು ಸುತ್ತಿ, ಹಿಂದಕ್ಕೆ ತೂರಿಸಿ ಎಳೆದು, ಉಳಿದ ತುದಿಯನ್ನು ಬೀಡಿಯ ಕೆಂಡಕ್ಕೆ ತಾಗಿಸಿದರೆ ಅದು ಕರಗಿ ಸಾಸಿವೆ ಕಾಳಿನಷ್ಟು ಮಣಿಯಾಗುತ್ತದೆ. ಆ ಮಣಿ ಇದ್ದರೆ ಗಂಟು ಜಾರುವುದಿಲ್ಲ. ಮೀನು ಹಿಡಿಯುವವರು ಯಾರೂ ಹೀಗೆ ಕಟ್ಟುವುದಿಲ್ಲ, ತುದಿಯನ್ನು ಕಚ್ಚಿ ಕತ್ತರಿಸುತ್ತಾರೆ ಎಂದು ಗೆಳೆಯ ಹೇಳಿದ. ನಾನು ಎಲ್ಲ ಗಾಳಗಳಿಗೂ ನನ್ನ ಗಂಟನ್ನೇ ಹಾಕಿದೆ.

ಬಾವುಟ ಹೊಲಿದುಕೊಟ್ಟವಳು ನನ್ನ ಹೆಂಡತಿ. ದೊಡ್ಡ ದೋಣಿಗಳಿಗೆ ದೂರದಿಂದ ಕಾಣಲೆಂದು ಕಯಾಕಿಗೆ ಒಂದು ಕೋಲು ನೆಟ್ಟು ಬಣ್ಣದ ಬಟ್ಟೆ ಕಟ್ಟಬೇಕು. ಅವಳು ಕೇಸರಿ ಬಟ್ಟೆಗೆ ತನ್ನ ಚೀಲಗಳಿಗೆ ಹಾಕುವ ಕನ್ನಡಿ ಬಿಲ್ಲೆಗಳನ್ನು ಸಾಲಾಗಿ ಕೂರಿಸಿ ತಂದಳು. ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುತ್ತಿತ್ತು. ನಾನು ಸಮುದ್ರಕ್ಕೆ ಹೋಗುವುದು ಅವಳಿಗೆ ಇಷ್ಟವಿಲ್ಲ ಎಂಬ ಗುಮಾನಿ ನನಗಿತ್ತು. ಬಾವುಟ ನೋಡಿ, ಮನಸ್ಸು ಮಾಡಿದಳು ಅಂದುಕೊಂಡೆ. ಅಷ್ಟು ಹಿಗ್ಗಿದ್ದೆ.

ಈ ನಡುವೆ ಗೆಳೆಯ ಒಂದೊಂದೇ ಬದಲಾವಣೆ ಹೇಳತೊಡಗಿದ್ದ. ಕೋಲು ನಿಲ್ಲಿಸುವ ಪೈಪು ತೀರ ಹಿಂದಾಯಿತು, ಒಂದು ಮೊಳ ಮುಂದಕ್ಕೆ ತಾ ಅಂದ. ತಂದೆ. ಲಂಗರಿನ ಹಗ್ಗವನ್ನು ಬದಿಯಲ್ಲಿ ರಾಟೆಗೆ ಹಾಕಿ ನಡುವಿನವರೆಗೆ ತಾ, ಎಲ್ಲಿಂದಾದರೂ ಎಳೆಯಬಹುದು ಅಂದ. ತಂದೆ. ಕಾಲು ಒತ್ತುವ ಮೆಟ್ಟು ಹಿಂದಿನ ಕುಳಿಗೆ ಬೇಡ, ಸರಿಸು ಅಂದ. ಸರಿಸಿದೆ. ಮುಂದಿನ ಸೀಟಿನ ಪಟ್ಟಿಗಳು ಮಳೆಗಾಲದ ತೇವಕ್ಕೆ ಕೊಳೆಯುತ್ತವೆ, ಬಿಚ್ಚಿ ಮನೆಯಲ್ಲಿಡು ಅಂದ. ನನ್ನ ಕೈಯಾರೆ ನನ್ನ ಸೀಟು ಬಿಚ್ಚಿ, ಒರೆಸಿ, ಮನೆಯ ಅಟ್ಟಕ್ಕೆ ಹಾಕಿದೆ. ಇಷ್ಟೆಲ್ಲ ಮಾಡುವಾಗ ಒಮ್ಮೆಯಾದರೂ ನಡುವೆ ಕೂತು ಕೈಚಾಚಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಗೋಡೆ ಅರ್ಧ ಅಂಗುಲ ವಾಲಿದರೆ ಹಿಡಿಯುವ ಕಣ್ಣು ಅಲ್ಲಿ ಕುರುಡಾಗಿತ್ತು.

ನಾರಳಿ ಹುಣ್ಣಿಮೆಗೆ ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟಾಯಿತು. ಗಾಳಿ ತಗ್ಗಿತು. ದೋಣಿಯನ್ನು ದಂಡೆಯ ಹತ್ತಿರ ಅವನ ಪರಿಚಯದವರ ಶೆಡ್ಡಿಗೆ ಸಾಗಿಸಿದೆವು. ಮುಂದಿನ ಭಾನುವಾರ ಎಂದ. ಆ ಭಾನುವಾರ ಅಲೆ ಜಾಸ್ತಿ. ಅದರ ಮುಂದಿನ ಭಾನುವಾರ ಅವನ ಮೈಯಲ್ಲಿ ಜ್ವರ. ಆಮೇಲೆ ದೋಣಿಯ ತಳದಲ್ಲಿ ಗೆರೆಯಂಥ ಬಿರುಕು ಕಂಡಿದೆಯಂತೆ. ನಾನು ಬಂದು ನೋಡುತ್ತೇನೆ ಅಂದೆ. "ಬ್ಯಾಡೋ, ಇಲ್ಲೊಬ್ಬ ಪ್ಲಾಸ್ಟಿಕ್ ಬೆಸಿಯಾಂವ ಅದಾನ, ಅವಗ ಹೇಳೇನಿ," ಎಂದ. ಹಬ್ಬದೊಳಗೆ ಮುಗಿಸಬೇಕಾದ ಫ್ಲ್ಯಾಟುಗಳ ಕೆಲಸ ನನಗೂ ಭಾನುವಾರ ಅರ್ಧ ದಿನ ಇರುತ್ತಿತ್ತು. ಅವನಿಗೇ ಬಿಟ್ಟೆ.

ಅದೇ ದಿನಗಳಲ್ಲಿ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಮೀನು ಬೇಯತೊಡಗಿತು. ನಮ್ಮೂರ ಕಡೆ ಮೀನು ಅಪರೂಪ, ಇಲ್ಲಿಗೆ ಬಂದ ಮೇಲೆ ರುಚಿ ಹತ್ತಿದ್ದು. ಆದರೂ ಜೋಳದ ರೊಟ್ಟಿ ಬಿಟ್ಟಿಲ್ಲ, ಮೀನಿನ ಸಾರಿಗೆ ರೊಟ್ಟಿ ಮುರಿದು ತಿನ್ನುವವರು ನಾವು. ಎಲ್ಲಿಂದ ತಂದೆ ಎಂದರೆ ಹೆಂಡತಿ "ಮಡಗಾಂವ್ ಮಾರ್ಕೆಟ್ಟಿಂದ್ರಿ" ಅನ್ನುತ್ತಿದ್ದಳು. ಇಷ್ಟು ತಾಜಾ ಮೀನು ಆರಿಸುವುದನ್ನು ಯಾವಾಗ ಕಲಿತೆ ಎಂದು ನಾನು ಹೊಗಳುತ್ತಿದ್ದೆ. ಅವಳು ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದಳು.

ಎಂಟನೆಯದೋ ಒಂಬತ್ತನೆಯದೋ ಭಾನುವಾರ ಚೊನಾಕ್ ಮೀನಿನ ತಲೆಯ ಸಾರು. ತಲೆ ನನಗೆ ಬಲು ಇಷ್ಟ. ದವಡೆ ಬಿಡಿಸಿ ಒಳಗಿನ ಮೆತ್ತನೆಯ ಮಾಂಸಕ್ಕೆ ಬೆರಳು ಹಾಕಿದೆ, ಏನೋ ಚುಚ್ಚಿತು. ಎಳೆದೆ. ಗಂಟಲಿನಾಳದಿಂದ ಒಂದು ಗಾಳ ಬಂತು, ಅದರ ಹಿಂದೆ ಗೇಣುದ್ದದ ಹರಿದ ನೈಲಾನ್. ಸಾರು ಒರೆಸಿ ಬೆಳಕಿಗೆ ಹಿಡಿದೆ. ಎರಡು ಸುತ್ತು, ಹಿಂದಕ್ಕೆ ತೂರಿಸಿದ ಎಳೆ, ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಮಣಿ.

ಅದನ್ನು ತಟ್ಟೆಯ ಅಂಚಿನಲ್ಲಿಟ್ಟು ಹೆಂಡತಿಯ ಮುಖ ನೋಡಿದೆ. ಅವಳಿಗೆ ಗಂಟಿನ ವಿಷಯ ಗೊತ್ತಿರಲಿಲ್ಲ, ಆದರೆ ನನ್ನ ಮುಖ ಗೊತ್ತಿತ್ತು.

"ಎಷ್ಟು ದಿನದಿಂದ?" ಅಂದೆ.

ಅವಳು ಒಲೆ ಆರಿಸಿ ಎದುರು ಬಂದು ಕೂತಳು. ದೋಣಿ ಕೊಂಡ ಮರುದಿನ ಬೆಳಿಗ್ಗೆಯೇ ಅವಳು ದಂಡೆಯಲ್ಲಿ ಅವನನ್ನು ಹಿಡಿದು, ಎಲ್ಲಮ್ಮನ ಭಂಡಾರ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದಳು. ನಮ್ಮ ಕಡೆ ಆ ಅರಿಶಿನ ಮುಟ್ಟಿ ಕೊಟ್ಟ ಮಾತನ್ನು ಯಾರೂ ಮುರಿಯುವುದಿಲ್ಲ. ನನ್ನನ್ನು ಯಾವ ಕಾರಣಕ್ಕೂ ನೀರಿನ ಮೇಲೆ ಕೂರಿಸಬಾರದು ಎಂದು ಆಣೆ.

"ವರ್ಷಾ ವರ್ಷಾ ದಂಡಿಗೆ ಹೆಣ ತಂದು ಹಾಕೂದು ನಾ ನೋಡೇನ್ರಿ. ಈಜು ಬರೂವರೇ ಹೋಗ್ತಾರ. ನಿಮಗ ಈಜೂ ಬರಂಗಿಲ್ಲ. ನಾ ಬ್ಯಾಡಂದ್ರ ಕೇಳ್ತಿದ್ರೇನು ನೀವು?"

"ಮತ್ತ ಬಾವುಟ ಯಾಕ ಹೊಲ್ದಿ?"

"ಅಣ್ಣ ಒಬ್ಬನ ಹೋಗ್ತಾನಲ್ರಿ. ಅವಗೂ ಹೆಂಡ್ತಿ ಮಕ್ಕಳದಾರ." ನನ್ನ ಗೆಳೆಯನನ್ನು ಅವಳು ಅಣ್ಣ ಅಂತಲೇ ಕರೆಯುವುದು.

ಅವಳ ಮೇಲೆ ಸಿಟ್ಟು ಬಂತು, ತಟ್ಟೆ ಸರಿಸಿ ಎದ್ದುಬಿಟ್ಟೆ. ಎಂಟು ಭಾನುವಾರ ನನ್ನ ಕಿವಿಗೆ ಹೂ ಮುಡಿಸಿ, ಅವನು ದಂಡೆಯಲ್ಲಿ ಅವಳ ಕೈಗಿಟ್ಟ, ನನ್ನದೇ ದೋಣಿಯ ಮೀನನ್ನು ನನಗೇ ಬಡಿಸಿದ್ದಳು. ಆದರೂ ಅವಳ ಸುಳ್ಳಿಗೆ ಬೇರು ಹೆದರಿಕೆ. ಅದನ್ನು ನುಂಗಿಕೊಳ್ಳಲು ನನಗೆ ಒಂದು ವಾರ ಸಾಕಾಯಿತು.

ಮುಂದಿನ ಭಾನುವಾರ ಕೆಲಸಕ್ಕೆ ಚಕ್ಕರ್ ಹೊಡೆದು, ಪಾಲಿಥೀನಿನಲ್ಲಿದ್ದ ಜಾಕೆಟ್ ಕಂಕುಳಲ್ಲಿಟ್ಟುಕೊಂಡು ಬೆಳಗಿನ ಬಸ್ಸಿಗೆ ಬಾಣಾವಲಿಗೆ ಹೋದೆ. ನೀರಿನ ಮೇಲೆ ದೂರದಲ್ಲಿ ಕನ್ನಡಿ ಬಿಲ್ಲೆಗಳು ಮಿನುಗುತ್ತಿದ್ದವು. ಬಾವುಟ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಮರಳಿನಲ್ಲಿ ಕೂತು ಕಾದೆ. ಒಂದು ಗಂಟೆಯ ಮೇಲೆ ಅವನು ದಂಡೆಯ ಕಡೆ ತಿರುಗಿದ. ಅಲೆ ಮುರಿಯುವ ಜಾಗದಲ್ಲಿ ಒಂದು ಕ್ಷಣ ತಡೆದು, ದೊಡ್ಡದನ್ನು ಬಿಟ್ಟು, ಅದರ ಬೆನ್ನಿಗೇ ಹುಟ್ಟು ಹಾಕುತ್ತ ಬಂದ. ದೋಣಿ ಗೆರೆ ಎಳೆದ ಹಾಗೆ ನೆಟ್ಟಗೆ ಬಂತು, ಮೇಲೆ ನುಗ್ಗಿದ ನೀರು ಆರೂ ತೂತುಗಳಿಂದ ಇಳಿದುಹೋಯಿತು.

ಅವನು ಕೂತಿದ್ದದ್ದು ನಡುವಿನ ಕುಳಿಯಲ್ಲಿ. ಕೋಲಿನ ಪೈಪುಗಳು ಅವನ ಎಡಬಲಕ್ಕೆ, ತಿರುಗದೆಯೇ ಕೈಗೆಟಕುವಷ್ಟರಲ್ಲಿ. ಲಂಗರಿನ ಹಗ್ಗ ಬಲ ತೊಡೆಯ ಪಕ್ಕ. ಮೆಟ್ಟು ಅವನ ಕಾಲಿನ ಅಳತೆಗೆ. ಮುಂದೆ ನಾನು ಕೂರಬೇಕಿದ್ದ ಕುಳಿಯಲ್ಲಿ ಮೀನಿನ ಪೆಟ್ಟಿಗೆಯನ್ನು ಹಗ್ಗದಿಂದ ಬಿಗಿದಿದ್ದ. ಮಳೆಗಾಲವಿಡೀ ನಾನು ಮಾಡಿದ ಒಂದೊಂದು ಬದಲಾವಣೆಗೂ ಅಲ್ಲಿ ಅರ್ಥ ಸಿಕ್ಕಿತು. ಎಲ್ಲವೂ ಒಬ್ಬನಿಗೆ, ಅವನಿಗೆ.

ನನ್ನನ್ನು ಕಂಡು ಅವನ ಮುಖ ಇಳಿಯಿತು. ಜೇಬಿನಿಂದ ಗಾಳ ತೆಗೆದು ಅವನ ಮುಂದೆ ಹಿಡಿದೆ. ಮಣಿಯನ್ನು ನೋಡಿದ ಕೂಡಲೇ ಗುರುತು ಹಿಡಿದ.

"ಆಕಿ ಭಂಡಾರ ಮುಟ್ಟಿಸಿಬಿಟ್ಲೋ. ನಾ ಏನ್ ಮಾಡ್ಲಿ?"

"ಆಣಿ ಮಾಡಿಸಿದ್ದು ನನ್ನ ಕೂಡ್ರಸಬ್ಯಾಡ ಅಂತ. ಹೇಳಬ್ಯಾಡ ಅಂತ ಅಲ್ಲ."

ಅವನು ಹುಟ್ಟಿನ ತುದಿಯಿಂದ ಮರಳು ಕೆದಕಿದ. ಅವನು ಸುಳ್ಳು ಹೇಳಲಿ ಎಂದು ನನ್ನ ಮನಸ್ಸು ಬೇಡಿಕೊಳ್ಳುತ್ತಿತ್ತು. ಮರೆತೆ ಅನ್ನಲಿ, ಹೆದರಿದೆ ಅನ್ನಲಿ.

"ಹೇಳಿದ್ರ ನೀ ದೋಣಿ ಕೆಲಸ ಬಿಡ್ತಿದ್ದಿ," ಎಂದ. "ನಿನ್ನಂಗ ಯಾರ್ ಮಾಡ್ತಾರಲೇ ಇಷ್ಟು ಚಲೋ?"

ಖರೆ ಮಾತು. ಅವನು ಆಡಿದ್ದರಲ್ಲಿ ಅದೊಂದೇ ಖರೆ. ನನ್ನ ಎಪಾಕ್ಸಿಗೆ ನಕ್ಕವನು, ನಾನು ಜಾಕೆಟ್ ತೊಟ್ಟು ಗಾಳಿಯಲ್ಲಿ ಹುಟ್ಟು ಹಾಕಿದ್ದನ್ನು ಕೇಳಿ ಬೆನ್ನು ತಟ್ಟಿದವನು, ಅಷ್ಟೂ ದಿನ ನಾನು ಈ ದೋಣಿಯಲ್ಲಿ ಕೂರುವುದಿಲ್ಲ ಎಂದು ತಿಳಿದೇ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ. ಬೈಯಲು ಬಾಯಿ ತೆರೆದೆ, ಊರಿನ ಬೈಗುಳಗಳೆಲ್ಲ ನಾಲಿಗೆಯ ಮೇಲೆ ಬಂದು ನಿಂತವು. ಒಂದೂ ಸಾಲದು ಅನ್ನಿಸಿತು.

ಕಡೆಗೆ ಬೇರೆಯೇ ಕೇಳಿದೆ. "ಅಲ್ಲಿಂದ ಆ ಬಿಳಿ ಮನಿ ಕಾಣ್ತೈತೇನು? ಬಾಲ್ಕನಿ?"

ಅವನು ತಿರುಗಿ ತೆಂಗಿನ ಸಾಲಿನ ಕಡೆ ನೋಡಿದ, ಆಮೇಲೆ ಸಮುದ್ರದ ಕಡೆ ನೋಡಿದ. ಲೆಕ್ಕ ಹಾಕುವವನ ಹಾಗೆ ಹುಬ್ಬು ಗಂಟಿಕ್ಕಿದ. ನಿಜವಾಗಿಯೂ ನೆನಪಿಸಿಕೊಳ್ಳಲು ನೋಡುತ್ತಿದ್ದ ಅನ್ನಿಸುತ್ತದೆ.

"ಯಾವ ಮನಿ? ಆ ಕಡಿ ನಾ ನೋಡೇ ಇಲ್ಲಲೇ," ಎಂದ.

ಜಾಕೆಟ್ಟನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡು ಬಸ್ಸಿನ ಕಡೆ ನಡೆದೆ. ದಾರಿಯಲ್ಲಿ ನಾನು ಕಟ್ಟಿದ ಕಾಂಪೌಂಡ್ ಸಿಕ್ಕಿತು. ಗೋಡೆ ನೆಟ್ಟಗಿತ್ತು, ಒಳಗಿನದೇನೂ ಕಾಣಲಿಲ್ಲ.